ವಿಶ್ವವಿದ್ಯಾಲಯದ ಹಣೆಬರಹ ಬರೆಯುವುದು ಕ್ಯಾಂಪಸ್ಸಿನ ಹೊರಗೆ

ಜೂನ್ ತಿಂಗಳ ಮಲೆನಾಡಿನಲ್ಲಿ ಮಳೆ ಹಿಡಿಯಿತೋ ಇಲ್ಲವೋ ಎಂಬ ಮಾತಿನಷ್ಟೇ ಕೇಳಿಬರುವ ಇನ್ನೊಂದು ಮಾತೆಂದರೆ ಮಕ್ಕಳನ್ನು ಮುಂದೆ ಎಲ್ಲಿಗೆ ಕಳಿಸುವುದು. ಸರಿಯಾಗಿ ಅದೇ ಹೊತ್ತಿಗೆ ಬ್ರಿಟನ್ನಿನ ಕ್ಯೂಎಸ್ ಸಂಸ್ಥೆ ಜಗತ್ತಿನ ವಿಶ್ವವಿದ್ಯಾಲಯಗಳ ಪಟ್ಟಿ ಬಿಡುಗಡೆ ಮಾಡುತ್ತದೆ. 2025ರ ಜೂನ್‌ನಲ್ಲಿ ಬಂದ ಪಟ್ಟಿಯಲ್ಲಿ ಭಾರತದ 54 ಸಂಸ್ಥೆಗಳಿದ್ದವು. ಅಮೆರಿಕ, ಬ್ರಿಟನ್, ಚೀನಾ ಬಿಟ್ಟರೆ ಇಷ್ಟು ಹೆಸರು ಬೇರೆ ಯಾವ ದೇಶದ್ದೂ ಇರಲಿಲ್ಲ. ಹಾಗಂತ ಬೀಗುವಂತೆಯೂ ಇಲ್ಲ. ನಮ್ಮಲ್ಲಿ ಎಲ್ಲಕ್ಕಿಂತ ಮೇಲಿದ್ದ ಐಐಟಿ ದೆಹಲಿಯ ಸ್ಥಾನ 123. ಮೊದಲ ನೂರರಲ್ಲಿ ನಮ್ಮದು ಒಂದೂ ಇಲ್ಲ. ವಿಸ್ತೀರ್ಣದಲ್ಲಿ ಶಿವಮೊಗ್ಗ ಜಿಲ್ಲೆಯ ಹತ್ತನೇ ಒಂದು ಪಾಲೂ ಇಲ್ಲದ ಸಿಂಗಪುರದ ನ್ಯಾಷನಲ್ ಯೂನಿವರ್ಸಿಟಿ ಎಂಟನೆಯದು.

ಹೀಗೇಕೆ ಎಂದರೆ ನಮ್ಮ ಕಡೆ ಸಿದ್ಧ ಉತ್ತರಗಳಿವೆ. ಮೇಷ್ಟ್ರು ಸರಿಯಿಲ್ಲ, ಹುಡುಗರು ಓದಲ್ಲ, ಎಲ್ಲದರಲ್ಲೂ ರಾಜಕೀಯ. ಮೂರರಲ್ಲೂ ಒಂದಿಷ್ಟು ಸತ್ಯವಿದೆ. ಆದರೆ ಇದೇ ಹುಡುಗರು ಅಮೆರಿಕಕ್ಕೋ ಜರ್ಮನಿಗೋ ಹೋದ ಎರಡು ವರ್ಷಕ್ಕೆ ಒಳ್ಳೆಯ ಸಂಶೋಧನೆ ಮಾಡಿ ತೋರಿಸುತ್ತಾರಲ್ಲ, ವಿಮಾನ ಹತ್ತಿದ್ದಕ್ಕೇ ಅವರ ತಲೆಯೇನೂ ಬದಲಾಗಿರುವುದಿಲ್ಲ. ಬದಲಾಗಿರುವುದು ಸುತ್ತಲಿನ ಏರ್ಪಾಡು. ಹಣ ಎಲ್ಲಿಂದ ಬರುತ್ತದೆ, ಅಧ್ಯಾಪಕರನ್ನು ಯಾರು ಹೇಗೆ ನೇಮಿಸುತ್ತಾರೆ, ಒಂದು ವಿಶ್ವವಿದ್ಯಾಲಯದೊಳಗೆ ಯಾವ್ಯಾವ ವಿಷಯಗಳಿವೆ, ಹೊರದೇಶದವರು ಬರಲು ವೀಸಾ ಎಷ್ಟು ಸಲೀಸು, ಇಂಥವು. ಇವುಗಳಲ್ಲಿ ಬಹುಪಾಲು ತೀರ್ಮಾನವಾಗುವುದು ಖಜಾನೆಯಲ್ಲಿ, ಸಚಿವಾಲಯದಲ್ಲಿ, ಶಾಸನಸಭೆಯಲ್ಲಿ. ಕುಲಪತಿಗಳ ಕೊಠಡಿಗೆ ಬರುವಷ್ಟರಲ್ಲಿ ಆಟ ಅರ್ಧ ಮುಗಿದಿರುತ್ತದೆ.

ಪಟ್ಟಿ ಅಳೆಯುವುದೇನು?

ಮೊದಲು ಪಟ್ಟಿಯ ಗೊಡವೆ ಮುಗಿಸಿಬಿಡೋಣ. ಜಾಗತಿಕ ರ‍್ಯಾಂಕಿಂಗ್ ಎಂಬ ಪರಿಪಾಠ ಶುರುವಾದದ್ದು 2003ರಲ್ಲಿ, ಚೀನಾದ ಶಾಂಘೈ ಜಿಯಾವೊ ಟಾಂಗ್ ವಿಶ್ವವಿದ್ಯಾಲಯದಿಂದ. ಅವರಿಗೆ ಬೇಕಾಗಿದ್ದದ್ದು ತಮ್ಮ ವಿಶ್ವವಿದ್ಯಾಲಯಗಳು ಜಗತ್ತಿನ ಅಗ್ರಪಂಕ್ತಿಗಿಂತ ಎಷ್ಟು ಹಿಂದಿವೆ ಎಂಬ ಲೆಕ್ಕ. ಆ ಪಟ್ಟಿಯಲ್ಲಿ ನೂರಕ್ಕೆ 30 ಅಂಕ ನೊಬೆಲ್ ಮತ್ತು ಗಣಿತದ ಫೀಲ್ಡ್ಸ್ ಪದಕಗಳಿಗೆ: ಹಳೆಯ ವಿದ್ಯಾರ್ಥಿಗಳು ಗೆದ್ದಿದ್ದರೆ 10, ಅಧ್ಯಾಪಕರು ಗೆದ್ದಿದ್ದರೆ 20. ಉಳಿದದ್ದು ಬಹುತೇಕ ವಿಜ್ಞಾನ ಲೇಖನಗಳ ಲೆಕ್ಕ. ಪಾಠ ಹೇಗೆ ಮಾಡುತ್ತಾರೆ ಎಂಬುದಕ್ಕೆ ಅಲ್ಲಿ ಜಾಗವೇ ಇಲ್ಲ.

ಕ್ಯೂಎಸ್‌ನ ರೀತಿ ಬೇರೆ. ಅಲ್ಲಿ 30 ಅಂಕ ವಿದ್ವಾಂಸರ ನಡುವಿನ ಹೆಸರಿಗೆ, 15 ಅಂಕ ಉದ್ಯೋಗದಾತರ ನಡುವಿನ ಹೆಸರಿಗೆ. ಎರಡನ್ನೂ ಸಮೀಕ್ಷೆಯಿಂದ ತಿಳಿಯುತ್ತಾರೆ. ಬ್ರೆಜಿಲ್‌ನ ಪ್ರಾಧ್ಯಾಪಕರೊಬ್ಬರು ತಮ್ಮ ವಿಷಯದಲ್ಲಿ ಯಾವ ವಿಶ್ವವಿದ್ಯಾಲಯ ಒಳ್ಳೆಯದೆಂದು ಬರೆಯುವಾಗ ಅವರ ಕಿವಿಗೆ ಬಿದ್ದ ಹೆಸರನ್ನೇ ತಾನೆ ಬರೆಯುವುದು? ಹೆಸರಿದ್ದವರಿಗೇ ಹೆಸರು. ಇದರ ಪರಿಣಾಮ ಎಷ್ಟೆಂದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ನೋಡಿದರೆ ತಿಳಿಯುತ್ತದೆ. 2022ರ ಕ್ಯೂಎಸ್ ಪಟ್ಟಿಯಲ್ಲಿ ಪ್ರತಿ ಅಧ್ಯಾಪಕರ ಸಂಶೋಧನೆಯನ್ನು ಬೇರೆಯವರು ಎಷ್ಟು ಉಲ್ಲೇಖಿಸಿದ್ದಾರೆ ಎಂಬ ಲೆಕ್ಕದಲ್ಲಿ ಆ ಸಂಸ್ಥೆಗೆ ನೂರಕ್ಕೆ ನೂರು ಬಂತು. ಒಟ್ಟಾರೆ ಸ್ಥಾನ ಮಾತ್ರ 186.

ಶಿವಮೊಗ್ಗದ ಎಪಿಎಂಸಿಯಲ್ಲಿ ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸಿ ದರ ಕಟ್ಟುತ್ತಾರೆ. ಆ ದರ ಚೀಲದೊಳಗಿನ ಅಡಿಕೆಯದು. ತೋಟದಲ್ಲಿ ಬಸಿಗಾಲುವೆ ತೆಗೆದಿದ್ದರೋ, ಹೊಸ ಮಣ್ಣು ಹಾಕಿದ್ದರೋ, ಕೊನೆ ತೆಗೆಯುವವರು ಸಮಯಕ್ಕೆ ಸಿಕ್ಕಿದ್ದರೋ ಎಂಬುದನ್ನು ಅದು ಹೇಳುವುದಿಲ್ಲ. ರ‍್ಯಾಂಕಿಂಗ್ ಕೂಡ ಚೀಲದ ದರ. ನಮಗೆ ಬೇಕಾದದ್ದು ತೋಟದ ವಿಚಾರ.

ದರ ಕಟ್ಟುವ ಕಡೆ ಕಲಬೆರಕೆಯೂ ಇರುತ್ತದೆ. ಶಾಂಘೈ ಪಟ್ಟಿಯಲ್ಲಿ ಹೆಚ್ಚು ಉಲ್ಲೇಖಗೊಂಡ ವಿಜ್ಞಾನಿಗಳಿಗೆ ಅಂಕವಿದೆ. ಆ ವಿಜ್ಞಾನಿ ತನ್ನ ಮುಖ್ಯ ಸಂಸ್ಥೆ ಯಾವುದೆಂದು ಬರೆದಿದ್ದಾನೋ ಅದಕ್ಕೇ ಅಂಕ. ಈ ಕಿಂಡಿ ಕಂಡ ಸೌದಿ ಅರೇಬಿಯಾದ ಕೆಲವು ವಿಶ್ವವಿದ್ಯಾಲಯಗಳು ಬೇರೆ ದೇಶದ ವಿಜ್ಞಾನಿಗಳಿಗೆ ಹಣ ಕೊಟ್ಟು ತಮ್ಮ ಹೆಸರು ಬರೆಸಿಕೊಂಡವು. ಸ್ಪೇನಿನ ಕೊರ್ಡೊಬಾ ವಿಶ್ವವಿದ್ಯಾಲಯ ತನ್ನ ರಸಾಯನಶಾಸ್ತ್ರಜ್ಞರೊಬ್ಬರನ್ನು ಇಂಥದ್ದೇ ಕಾರಣಕ್ಕೆ 13 ವರ್ಷ ಸಂಬಳವಿಲ್ಲದೆ ಅಮಾನತು ಮಾಡಿದ ಸುದ್ದಿ 2023ರಲ್ಲಿ ಹೊರಬಂತು. ಇನ್ನೊಂದು ಕಡೆ, ಪಟ್ಟಿಯ ಲೆಕ್ಕ ಪಾರದರ್ಶಕವಾಗಿಲ್ಲ ಎಂದು 2020ರಲ್ಲಿ ನಮ್ಮ ಏಳು ಐಐಟಿಗಳು ಟೈಮ್ಸ್ ಹೈಯರ್ ಎಜುಕೇಷನ್ ರ‍್ಯಾಂಕಿಂಗ್‌ನಿಂದ ದೂರ ಉಳಿದವು. 2024ರಲ್ಲಿ ಜ್ಯೂರಿಕ್ ವಿಶ್ವವಿದ್ಯಾಲಯವೂ ಅದೇ ಪಟ್ಟಿಯಿಂದ ಹೊರನಡೆಯುವುದಾಗಿ ಹೇಳಿತು. ಪಟ್ಟಿಯಿಂದ ಹೊರಬರುವ ಧೈರ್ಯ ಹೆಸರು ಮಾಡಿದವರಿಗಷ್ಟೇ ಇರುತ್ತದೆ ಅನ್ನುವುದೂ ನಿಜ.

ಹಣ ಎಷ್ಟು, ಯಾರಿಗೆ?

2003ರ ಮೊದಲ ಶಾಂಘೈ ಪಟ್ಟಿಯಲ್ಲಿ ಚೀನಾದ ಮುಖ್ಯ ಭೂಭಾಗದ ಒಂದು ವಿಶ್ವವಿದ್ಯಾಲಯವೂ ಮೊದಲ 200ರೊಳಗೆ ಇರಲಿಲ್ಲ. 2016ರಲ್ಲಿ ಸಿಂಗ್ಹುವಾ 58ಕ್ಕೂ ಪೀಕಿಂಗ್ 71ಕ್ಕೂ ಬಂದವು. ಈಗ ಸಿಂಗ್ಹುವಾ ಮೊದಲ ಇಪ್ಪತ್ತರಲ್ಲಿದೆ. ಹದಿನೈದು ಇಪ್ಪತ್ತು ವರ್ಷದಲ್ಲಿ ಇಷ್ಟು ದೂರ ಹೇಗೆ ಬಂದರು ಅಂದರೆ ಉತ್ತರದ ಮೊದಲ ಭಾಗ ಹಣ. 1998ರ ಮೇ ತಿಂಗಳಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದ ಶತಮಾನೋತ್ಸವದಲ್ಲಿ ಅಧ್ಯಕ್ಷ ಜಿಯಾಂಗ್ ಜೆಮಿನ್ ಘೋಷಿಸಿದ 985 ಯೋಜನೆಯಲ್ಲಿ ಪೀಕಿಂಗ್ ಮತ್ತು ಸಿಂಗ್ಹುವಾಗಳಿಗೆ ಮೂರು ವರ್ಷಕ್ಕೆ ತಲಾ 180 ಕೋಟಿ ಯುವಾನ್ ಸಿಕ್ಕಿತು. ಆಮೇಲೆ ಯೋಜನೆ 39 ವಿಶ್ವವಿದ್ಯಾಲಯಗಳಿಗೆ ಹಬ್ಬಿತು. ದೇಶದಲ್ಲಿ ಸಾವಿರಕ್ಕೂ ಹೆಚ್ಚು ಉನ್ನತ ಶಿಕ್ಷಣ ಸಂಸ್ಥೆಗಳಿದ್ದರೂ ದೊಡ್ಡ ಗಂಟು ಹೋದದ್ದು ಅಷ್ಟಕ್ಕೇ. ಹೊರಗೆ ಕಲಿತ ತಮ್ಮ ವಿಜ್ಞಾನಿಗಳನ್ನು ವಾಪಸ್ ಕರೆಸಲು 2008ರಿಂದ ಬೇರೆ ಯೋಜನೆಯನ್ನೂ ತಂದರು.

ನಮ್ಮದು? ಭಾರತ ಸಂಶೋಧನೆ ಮತ್ತು ಅಭಿವೃದ್ಧಿಗೆ ಖರ್ಚು ಮಾಡುವುದು ಜಿಡಿಪಿಯ ಶೇ 0.64ರಷ್ಟು; 2020–21ರ ಲೆಕ್ಕ ಇದು. ಚೀನಾದ್ದು ಶೇ 2.5ರ ಆಸುಪಾಸು, ದಕ್ಷಿಣ ಕೊರಿಯಾದ್ದು ಶೇ 5ರ ಹತ್ತಿರ. ಆ ಚಿಕ್ಕ ಮೊತ್ತದಲ್ಲೂ ಉನ್ನತ ಶಿಕ್ಷಣ ಕ್ಷೇತ್ರದ ಪಾಲು ಶೇ 8.8 ಮಾತ್ರ, ದೊಡ್ಡ ಪಾಲು ರಕ್ಷಣೆ, ಬಾಹ್ಯಾಕಾಶ, ಅಣುಶಕ್ತಿ, ಕೃಷಿ ಮೊದಲಾದ ಕೇಂದ್ರ ಸಂಸ್ಥೆಗಳದ್ದು. ಶಿಕ್ಷಣಕ್ಕೆ ಒಟ್ಟಾರೆ ಜಿಡಿಪಿಯ ಶೇ 6 ಕೊಡಬೇಕೆಂದು ಕೊಠಾರಿ ಆಯೋಗ ಹೇಳಿದ್ದು 1966ರಲ್ಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ (ಎನ್‌ಇಪಿ) ಅದನ್ನೇ ಇನ್ನೊಮ್ಮೆ ಹೇಳಿತು. ಐವತ್ತು ವರ್ಷ ದಾಟಿದರೂ ಒಂದೇ ಗುರಿ ಇಟ್ಟುಕೊಳ್ಳುವ ನಮ್ಮ ನಿಷ್ಠೆಯನ್ನು ಮೆಚ್ಚಲೇಬೇಕು.

ಹಣದಷ್ಟೇ ಮುಖ್ಯವಾದದ್ದು ಅದನ್ನು ಹಂಚುವ ಬಗೆ. ನಮ್ಮಲ್ಲಿ ವಿದ್ಯಾರ್ಥಿಗಳಲ್ಲಿ ಐದರಲ್ಲಿ ನಾಲ್ವರು ಕಲಿಯುವುದು ರಾಜ್ಯ ಸರ್ಕಾರಗಳ ವಿಶ್ವವಿದ್ಯಾಲಯ ಮತ್ತು ಅವುಗಳ ಕೆಳಗಿನ ಕಾಲೇಜುಗಳಲ್ಲಿ. ಪಟ್ಟಿಯಲ್ಲಿ ಮಿಂಚುವ ಐಐಟಿ, ವಿಜ್ಞಾನ ಸಂಸ್ಥೆಗಳೆಲ್ಲ ಕೇಂದ್ರದವು. ರಾಜ್ಯಗಳ ಬೊಕ್ಕಸದಿಂದ ಬರುವ ಹಣದಲ್ಲಿ ಸಂಬಳ, ಪಿಂಚಣಿ ಕಳೆದರೆ ಉಳಿಯುವುದು ಅಷ್ಟಕ್ಕಷ್ಟೇ. ಇಷ್ಟರ ಮೇಲೆ ಜಿಲ್ಲೆಗೊಂದು ವಿಶ್ವವಿದ್ಯಾಲಯ ಎಂಬ ಹುಮ್ಮಸ್ಸು ಬೇರೆ. ಕರ್ನಾಟಕದಲ್ಲಿ ಚಾಮರಾಜನಗರ, ಕೊಡಗು, ಹಾಸನ, ಹಾವೇರಿ, ಕೊಪ್ಪಳ, ಬಾಗಲಕೋಟೆ, ಬೀದರ್‌ಗಳಲ್ಲಿ ತಲಾ ಎರಡು ಕೋಟಿ ರೂಪಾಯಿಯ ಭರವಸೆಯಲ್ಲಿ ವಿಶ್ವವಿದ್ಯಾಲಯ ತೆರೆದರು. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಹೊಸದಾಗಿ ತೆರೆದ ಹತ್ತರಲ್ಲಿ ಒಂಬತ್ತನ್ನು ಮುಚ್ಚುವುದು ಒಳ್ಳೆಯದೆಂದು ಹೇಳಿತು. ಎರಡು ಕೋಟಿಗೆ ಈಗ ಶಿವಮೊಗ್ಗದಲ್ಲಿ ಒಂದು ಸುಮಾರಾದ ಕಲ್ಯಾಣಮಂಟಪ ಕಟ್ಟುವುದೂ ಕಷ್ಟ.

ಹಾಗಾದರೆ ಚೀನಾದಂತೆ ಆಯ್ದ ಕೆಲವಕ್ಕೇ ಸುರಿಯಬೇಕೆ? ನನಗೆ ಅನುಮಾನವಿದೆ. ಜರ್ಮನಿಯ ಒಂದು ವಿಶ್ವವಿದ್ಯಾಲಯವೂ ಕ್ಯೂಎಸ್‌ನ ಮೊದಲ ಇಪ್ಪತ್ತರಲ್ಲಿಲ್ಲ. ಆದರೆ ಅಲ್ಲಿನ ಯಾವುದೋ ಮಧ್ಯಮ ಊರಿನ ವಿಶ್ವವಿದ್ಯಾಲಯಕ್ಕೆ ಹೋದರೂ ಪ್ರಯೋಗಾಲಯ, ಗ್ರಂಥಾಲಯ, ಅಧ್ಯಾಪಕರು ಒಂದು ಮಟ್ಟಕ್ಕಿಂತ ಕೆಳಗಿರುವುದಿಲ್ಲ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೂ ಬಹುತೇಕ ಇಲ್ಲ. ಅಲ್ಲಿನ ಬಹಳಷ್ಟು ದೊಡ್ಡ ಸಂಶೋಧನೆ ವಿಶ್ವವಿದ್ಯಾಲಯಗಳಿಂದ ಬೇರೆಯಾದ ಮ್ಯಾಕ್ಸ್ ಪ್ಲಾಂಕ್ ಸಂಶೋಧನಾ ಸಂಸ್ಥೆಗಳಲ್ಲಿ ನಡೆಯುವುದರಿಂದ ಅದು ವಿಶ್ವವಿದ್ಯಾಲಯಗಳ ಲೆಕ್ಕಕ್ಕೆ ಪೂರ್ತಿ ಬರುವುದೂ ಇಲ್ಲ. ಒಂದು ದೇಶದ ವಿಶ್ವವಿದ್ಯಾಲಯಗಳು ಸ್ಪರ್ಧೆಯಲ್ಲಿ ಗಟ್ಟಿ ಅನ್ನುವಾಗ ಶಿಖರದಲ್ಲಿರುವ ಎರಡನ್ನು ನೋಡಬೇಕೋ, ನಡುವಿನ ಇನ್ನೂರನ್ನು ನೋಡಬೇಕೋ? ಹೊಸನಗರದಿಂದ, ಸೊರಬದಿಂದ ಬಸ್ ಹತ್ತುವ ಹುಡುಗಿಯ ಮಟ್ಟಿಗೆ ನಡುವಿನ ಇನ್ನೂರೇ ಲೆಕ್ಕಕ್ಕೆ ಬರುವುದು.

ಜನ

ಸಿಂಗಪುರ ಹಣವಂತ ದೇಶ ನಿಜ. ಆದರೆ ಅದರ ಗುಟ್ಟು ಹಣಕ್ಕಿಂತ ಅದನ್ನು ಯಾರ ಮೇಲೆ ಹಾಕಿದರು ಎಂಬುದರಲ್ಲಿದೆ. ಜಗತ್ತಿನ ಎಲ್ಲಿಂದ ಬೇಕಾದರೂ ಅಧ್ಯಾಪಕರನ್ನು ಕರೆಸಿ ಅಲ್ಲಿನ ಮಾರುಕಟ್ಟೆಯ ಸಂಬಳ ಕೊಡುವ ಸ್ವಾತಂತ್ರ್ಯ ಅಲ್ಲಿನ ವಿಶ್ವವಿದ್ಯಾಲಯಕ್ಕಿದೆ.

ಇದು ನಮಗೆ ತೀರಾ ಹೊಸತೇನಲ್ಲ. ಕೊಳೆರೋಗಕ್ಕೆ ಮಲೆನಾಡಿನ ಅಡಿಕೆ ತೋಟಗಳು ನಲುಗುತ್ತಿದ್ದ ಕಾಲದಲ್ಲಿ, 1908ರಲ್ಲಿ, ಮೈಸೂರು ಸಂಸ್ಥಾನ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿಯನ್ನು ಕರೆಸಿಕೊಂಡಿತು. ಅವರು ಕೊಳೆರೋಗದ ಬೆನ್ನುಹತ್ತಿ, ಮಳೆಗಾಲಕ್ಕೆ ಮುಂಚೆ ಗೊನೆಗಳಿಗೆ ಬೋರ್ಡೊ ಮಿಶ್ರಣ ಹೊಡೆಯುವುದನ್ನು ರೂಢಿಗೆ ತಂದರು. ಇವತ್ತಿಗೂ ಮೇ ಕೊನೆಯಲ್ಲಿ ಮೈಲುತುತ್ತ, ಸುಣ್ಣ ಕಲಸಿ ದೋಟಿ ಹಿಡಿದು ನಿಲ್ಲುವ ನಮ್ಮವರು ಮಾಡುತ್ತಿರುವುದು ಅದನ್ನೇ. ಮುಂದೆ ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರೂ ಆದ ಕೋಲ್ಮನ್ ಎರಡು ದಶಕಕ್ಕೂ ಹೆಚ್ಚು ಕಾಲ ಇಲ್ಲಿದ್ದರು.

ಇವತ್ತಿನ ಕಥೆ ಬೇರೆ. ಹೊರದೇಶದವರನ್ನು ಬಿಡಿ, ನಮ್ಮವರನ್ನೇ ನೇಮಿಸುವುದು ನಿಂತುಹೋಗಿದೆ. ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ನೂರಕ್ಕೆ ನಲವತ್ತರಷ್ಟು ಬೋಧಕ ಹುದ್ದೆಗಳು ಖಾಲಿ ಎಂದು ನೀತಿ ಆಯೋಗವೇ 2025ರ ವರದಿಯಲ್ಲಿ ಬರೆದಿದೆ. ಕರ್ನಾಟಕದ ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದು ಸುಮಾರು ಹತ್ತು ಸಾವಿರ ಅತಿಥಿ ಉಪನ್ಯಾಸಕರ ಮೇಲೆ. ಅವರಲ್ಲಿ ಹತ್ತು ಹದಿನೈದು ವರ್ಷದಿಂದ ‘ಅತಿಥಿ’ಯಾಗಿಯೇ ಉಳಿದವರಿದ್ದಾರೆ. ಬರುವ ಜೂನ್‌ಗೆ ಕೆಲಸ ಇರುತ್ತದೋ ಇಲ್ಲವೋ ತಿಳಿಯದ ಮನುಷ್ಯ ಐದು ವರ್ಷದ ಸಂಶೋಧನೆಗೆ ಕೈ ಹಾಕುವುದು ಹೇಗೆ? ಮೀಸಲಾತಿಯಿಂದ ಗುಣಮಟ್ಟ ಕೆಟ್ಟಿತು ಎನ್ನುವವರು ಈ ಖಾಲಿ ಕುರ್ಚಿಗಳನ್ನು ಒಮ್ಮೆ ಎಣಿಸಿ ಮಾತಾಡಬೇಕು. ಖಾಲಿ ಕುರ್ಚಿಗೆ ಜಾತಿಯೂ ಇಲ್ಲ, ಮೆರಿಟ್ಟೂ ಇಲ್ಲ.

ವಿದ್ಯಾರ್ಥಿಗಳ ಹರಿವೂ ಒಂದೇ ದಿಕ್ಕಿನದು. 2021–22ರಲ್ಲಿ ಭಾರತದಲ್ಲಿ ಓದುತ್ತಿದ್ದ ವಿದೇಶಿ ವಿದ್ಯಾರ್ಥಿಗಳು 46,878; ಎಲ್ಲಕ್ಕಿಂತ ಹೆಚ್ಚು ಜನ ಪಕ್ಕದ ನೇಪಾಳದವರು. 2024ರ ಹೊತ್ತಿಗೆ ಹೊರದೇಶಗಳಲ್ಲಿ ಓದುತ್ತಿದ್ದ ಭಾರತೀಯರು 13 ಲಕ್ಷಕ್ಕೂ ಹೆಚ್ಚು. ಬ್ರಿಟನ್, ಆಸ್ಟ್ರೇಲಿಯಾಗಳ ವಿಶ್ವವಿದ್ಯಾಲಯಗಳು ತಮ್ಮ ಸಂಶೋಧನೆಯ ಖರ್ಚನ್ನು ಒಂದಷ್ಟು ಮಟ್ಟಿಗೆ ಸರಿದೂಗಿಸುವುದೇ ಇಂಥ ವಿದ್ಯಾರ್ಥಿಗಳು ಕಟ್ಟುವ ದುಬಾರಿ ಶುಲ್ಕದಿಂದ. ತೀರ್ಥಹಳ್ಳಿಯ ತೋಟ ಅಡವಿಟ್ಟು ತೆಗೆದ ಶಿಕ್ಷಣ ಸಾಲ ಮೆಲ್ಬರ್ನ್‌ನ ಪ್ರಯೋಗಾಲಯಕ್ಕೆ ಬಂಡವಾಳ ಆಗುವ ದಾರಿ ಹೀಗಿದೆ.

ಒಂದು ಕಾಯಿಲೆ, ಐದು ವಿಶ್ವವಿದ್ಯಾಲಯ

ಹಣ, ಜನ ಎರಡರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಯಾರೂ ಹೆಚ್ಚು ಮಾತಾಡದ ಸಂಗತಿ ವಿಶ್ವವಿದ್ಯಾಲಯವನ್ನು ಕತ್ತರಿಸಿದ ರೀತಿ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಅದನ್ನು ನಮ್ಮದೇ ಮಂಗನ ಕಾಯಿಲೆಯಿಂದ ನೋಡಬಹುದು.

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲಿನ ಊರುಗಳ ಜನ ಜ್ವರ ಬಂದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ವೈರಸ್ಸನ್ನು ಬೇಗನೆ ಪತ್ತೆ ಮಾಡಿದರು. ಕ್ಯಾಸನೂರಿನ ಹೆಸರು ಜಗತ್ತಿನ ವೈದ್ಯಕೀಯ ಪುಸ್ತಕಗಳಿಗೆ ಸೇರಿತು. ಕಾಡಿನ ಉಣುಗು ಕಚ್ಚಿ ಹರಡುವ ಈ ವೈರಸ್, ಯುರೋಪಿನ ಕಾಡುಗಳಲ್ಲಿ ಉಣುಗಿನಿಂದಲೇ ಹರಡುವ ಮಿದುಳು ಜ್ವರದ ವೈರಸ್ಸಿನ ದಾಯಾದಿ. ಆಸ್ಟ್ರಿಯಾದಲ್ಲಿ ಆ ಮಿದುಳು ಜ್ವರ ದೊಡ್ಡ ಪಿಡುಗಾಗಿತ್ತು. ಅಲ್ಲಿ ಅದನ್ನು ಕೈಗೆತ್ತಿಕೊಂಡದ್ದು ವಿಯೆನ್ನಾ ವಿಶ್ವವಿದ್ಯಾಲಯದ ವೈರಾಣುಶಾಸ್ತ್ರ ಸಂಸ್ಥೆ. ಪ್ರಾಧ್ಯಾಪಕ ಕ್ರಿಸ್ಟಿಯಾನ್ ಕುಂಟ್ಸ್ 1970ರ ದಶಕದಲ್ಲಿ ಇಮ್ಯುನೊ ಎಂಬ ಆಸ್ಟ್ರಿಯಾದ ಕಂಪನಿಯ ಜೊತೆ ಸೇರಿ ಲಸಿಕೆ ತಂದರು. 1981ರಿಂದ ಸರ್ಕಾರ ದೇಶಾದ್ಯಂತ ಅಭಿಯಾನ ನಡೆಸಿತು. ಕಾಯಿಲೆ ಎದ್ದುಕಾಣುವಂತೆ ಇಳಿಯಿತು. ವಿಶ್ವವಿದ್ಯಾಲಯ, ಕಂಪನಿ, ಆರೋಗ್ಯ ಇಲಾಖೆ ಮೂರೂ ಒಂದೇ ಊರಿನಲ್ಲಿ, ಮೂರಕ್ಕೂ ಪರಸ್ಪರ ಫೋನ್ ಎತ್ತಿ ಮಾತಾಡುವ ಸಲುಗೆ.

ನಾವೂ ಸುಮ್ಮನೆ ಕೂರಲಿಲ್ಲ. ಕೋಳಿ ಭ್ರೂಣದ ಕೋಶಗಳಲ್ಲಿ ಬೆಳೆಸಿದ ಲಸಿಕೆಯನ್ನು ಮಲೆನಾಡಿನಲ್ಲಿ ವರ್ಷಗಟ್ಟಲೆ ಹಾಕಿದರು. ಅದರ ಬಲ ಸಾಲದೆಂದು 2022ರಲ್ಲಿ ನಿಲ್ಲಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಕಂಪನಿ ಸೇರಿ ಹೊಸ ಲಸಿಕೆ ತಯಾರಿಸುತ್ತಿವೆ. ಅಲ್ಲಿಯವರೆಗೆ ಕಾಡಿಗೆ ದರಗು ತರಲು ಹೋಗುವವರು ಉಣುಗು ಕಚ್ಚದಿರಲೆಂದು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಸವರಿಕೊಂಡು ಹೋಗಬೇಕು. ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು: ಯುರೋಪಿನ ಲಸಿಕೆಗೆ ಹಣ ಕೊಟ್ಟು ಕೊಳ್ಳುವ ಕೋಟ್ಯಂತರ ಜನರಿದ್ದರು. ನಮ್ಮ ಕಾಯಿಲೆ ತಗಲುವುದು ಕಾಡಂಚಿನ ಬಡವರಿಗೆ, ಕಂಪನಿಗಳಿಗೆ ಅದರಲ್ಲಿ ಲಾಭವಿಲ್ಲ. ಆದರೆ ಲಾಭವಿಲ್ಲದ ಕಡೆಯೇ ತಾನೆ ವಿಶ್ವವಿದ್ಯಾಲಯ ಬೇಕಾದದ್ದು?

ಈಗ ನಮ್ಮ ಜಿಲ್ಲೆಯನ್ನು ನೋಡಿ. ಈ ಕಾಯಿಲೆಗೆ ಬೇಕಾದ ಓದುಬರಹವೆಲ್ಲ ಜಿಲ್ಲೆಯೊಳಗೇ ಇದೆ, ಆದರೆ ಒಂದೊಂದೂ ಒಂದೊಂದು ಮನೆಯದು. ರೋಗಿಯನ್ನು ನೋಡುವ ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಸಂಯೋಜನೆಗೊಂಡಿರುವುದು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯಕ್ಕೆ. ಮಂಗನನ್ನೂ ಕಾಡಿಗೆ ಮೇಯಲು ಹೋಗಿ ಉಣುಗು ಹೊತ್ತು ತರುವ ದನವನ್ನೂ ಬಲ್ಲ ಪಶುವೈದ್ಯಕೀಯ ಕಾಲೇಜು ಶಿವಮೊಗ್ಗದಲ್ಲೇ ಇದೆ, ಅದರ ವಿಶ್ವವಿದ್ಯಾಲಯ ಬೀದರ್‌ನಲ್ಲಿ. ಗಿಡಮರದ, ಅರಣ್ಯಶಾಸ್ತ್ರದ ಓದು ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ್ದು, ಅದು ಇರುವುದು ಇರುವಕ್ಕಿಯಲ್ಲಿ. ಪ್ರಾಣಿಶಾಸ್ತ್ರ, ಜೈವಿಕ ತಂತ್ರಜ್ಞಾನ, ಸಮಾಜಶಾಸ್ತ್ರ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ. ಕಂಪ್ಯೂಟರ್ ಮಾದರಿ ಕಟ್ಟಬಲ್ಲ ಎಂಜಿನಿಯರಿಂಗ್ ಕಾಲೇಜು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಕೆಳಗೆ. ಒಂದು ಕಾಯಿಲೆಗೆ ಐದು ವಿಶ್ವವಿದ್ಯಾಲಯ, ಐದು ಕುಲಸಚಿವರು, ಐದು ಕಡತ. ಒಬ್ಬ ಸಂಶೋಧನಾರ್ಥಿಗೆ ಪಶುವೈದ್ಯರೊಬ್ಬರೂ ಸಮಾಜಶಾಸ್ತ್ರಜ್ಞರೊಬ್ಬರೂ ಜೊತೆಯಾಗಿ ಮಾರ್ಗದರ್ಶನ ಕೊಡಬೇಕೆಂದರೆ ಎರಡು ವಿಶ್ವವಿದ್ಯಾಲಯಗಳ ನಡುವೆ ಒಡಂಬಡಿಕೆ ಬೇಕು, ಅದಕ್ಕೆ ಎರಡು ಕಡೆಯೂ ಸಹಿ ಬೇಕು.

ಮೊದಲು ಹೀಗಿರಲಿಲ್ಲ. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಶುರುವಾದಾಗ ಸುತ್ತಲಿನ ಎಂಜಿನಿಯರಿಂಗ್ ಕಾಲೇಜುಗಳೂ ದಾವಣಗೆರೆಯ ವೈದ್ಯಕೀಯ ಕಾಲೇಜೂ ಅದರ ವ್ಯಾಪ್ತಿಗೇ ಬಂದವು. 1996ರಲ್ಲಿ ಆರೋಗ್ಯ ವಿಶ್ವವಿದ್ಯಾಲಯ, 1998ರಲ್ಲಿ ವಿಟಿಯು ಬಂದ ಮೇಲೆ ಅವು ಕೈತಪ್ಪಿದವು. ಪಶುವೈದ್ಯಕ್ಕೆ, ಕಾನೂನಿಗೆ, ಸಂಗೀತಕ್ಕೆ, ಜಾನಪದಕ್ಕೆ ಒಂದೊಂದು ಹುಟ್ಟಿದವು. ಪರೀಕ್ಷೆ ನಡೆಸುವ ಅನುಕೂಲಕ್ಕೆ ಇದು ಸರಿಯೇ ಇದ್ದೀತು. ಆದರೆ ಮೊದಲ ನೂರರಲ್ಲಿ ಇರುವ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲಿನಲ್ಲಿ ವೈದ್ಯಕೀಯವೋ ಎಂಜಿನಿಯರಿಂಗೋ ಮೂಲವಿಜ್ಞಾನ, ಮಾನವಿಕಗಳ ಪಕ್ಕದಲ್ಲೇ ಇರುತ್ತದೆ. ಕುಪ್ಪಳಿಯ ಕುವೆಂಪು ಮೈಸೂರಿನ ಕುಲಪತಿಗಳಾಗಿದ್ದಾಗ ಸ್ನಾತಕೋತ್ತರ ವಿಭಾಗಗಳಿಗೆಂದು 1960ರಲ್ಲಿ ಮಾನಸಗಂಗೋತ್ರಿಯನ್ನು ಕಟ್ಟಿದ್ದು ವಿಷಯಗಳನ್ನು ಒಂದು ಆವರಣಕ್ಕೆ ತರುವುದಕ್ಕೆ. ಅವರ ಹೆಸರಿನ ವಿಶ್ವವಿದ್ಯಾಲಯದಿಂದ ಮಾತ್ರ ವಿಷಯಗಳು ಒಂದೊಂದಾಗಿ ಹೊರಗೆ ಹೋದವು.

ಫ್ರಾನ್ಸಿನದೂ ಇದೇ ರೋಗವಾಗಿತ್ತು. ಎಂಜಿನಿಯರಿಂಗ್ ಶಾಲೆಗಳು ಒಂದು ಕಡೆ, ವಿಶ್ವವಿದ್ಯಾಲಯಗಳು ಇನ್ನೊಂದು ಕಡೆ, ಸಂಶೋಧನಾಲಯಗಳು ಮತ್ತೊಂದು ಕಡೆ. ಶಾಂಘೈ ಪಟ್ಟಿಯಲ್ಲಿ ತಮ್ಮ ದೇಶದ ಸ್ಥಾನ ನೋಡಿ ಅಲ್ಲಿನ ಸರ್ಕಾರ ಮುಜುಗರಪಟ್ಟಿತು. ಪ್ಯಾರಿಸ್ಸಿನ ದಕ್ಷಿಣಕ್ಕೆ ಹಲವನ್ನು ಒಟ್ಟುಗೂಡಿಸಿ ಪ್ಯಾರಿಸ್–ಸಾಕ್ಲೇ ವಿಶ್ವವಿದ್ಯಾಲಯ ಮಾಡಿದರು. 2020ರಲ್ಲಿ ಅದು ಮೊದಲ ಸಲ ಪಟ್ಟಿಗೆ ಬಂದಾಗಲೇ 14ನೇ ಸ್ಥಾನ ಪಡೆಯಿತು. ಇದರಲ್ಲಿ ಲೆಕ್ಕದ ಚಮತ್ಕಾರವೂ ಇದೆ. ಹಳೆಯ ಅಂಕಗಳನ್ನೇ ಒಂದು ಹೆಸರಿನಡಿ ಕೂಡಿಸಿದ್ದಾರೆ. ಆದರೂ ಗಣಿತದವರೂ ಕೃಷಿಯವರೂ ಒಂದೇ ಆಡಳಿತದ ಕೆಳಗೆ ಬಂದದ್ದು ಸುಳ್ಳಲ್ಲ.

ನಮ್ಮ ಕತ್ತರಿಯ ಇನ್ನೊಂದು ಅಲಗು ಸಂಯೋಜಿತ ಕಾಲೇಜುಗಳ ವ್ಯವಸ್ಥೆ. 1857ರಲ್ಲಿ ಕಲ್ಕತ್ತ, ಬಾಂಬೆ, ಮದ್ರಾಸುಗಳಲ್ಲಿ ಬ್ರಿಟಿಷರು ತೆರೆದ ವಿಶ್ವವಿದ್ಯಾಲಯಗಳು ಅಂದಿನ ಲಂಡನ್ ಮಾದರಿಯವು. ಅವು ಪಾಠ ಮಾಡುತ್ತಿರಲಿಲ್ಲ, ಕಾಲೇಜುಗಳಿಗೆ ಪರೀಕ್ಷೆ ನಡೆಸಿ ಪದವಿ ಕೊಡುತ್ತಿದ್ದವು. ಲಂಡನ್ ಆ ಮಾದರಿ ಬಿಟ್ಟು ಶತಮಾನವೇ ಕಳೆಯಿತು, ನಾವು ಹಿಡಿದುಕೊಂಡಿದ್ದೇವೆ. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಪದವಿ ಕಾಲೇಜುಗಳ ಪರೀಕ್ಷೆ, ಮೌಲ್ಯಮಾಪನ, ಫಲಿತಾಂಶ, ಮರುಮೌಲ್ಯಮಾಪನ ಎಲ್ಲ ಶಂಕರಘಟ್ಟದ ಹೆಗಲ ಮೇಲೆ. ಇದರ ಜೊತೆಗೆ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಒಂದೇ ಹೊತ್ತಿನಲ್ಲಿ ಹಳೆಯ ಸ್ಕೀಮು, ಎನ್‌ಇಪಿ ಸ್ಕೀಮು, ಹೊಸ ಸ್ಕೀಮು ಎಂದು ಬೇರೆ ಬೇರೆ ಪ್ರಶ್ನೆಪತ್ರಿಕೆ. ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚುವ ದಿನಗಳಲ್ಲಿ ಸಂಶೋಧನೆಯ ಸುದ್ದಿ ಎತ್ತಿದರೆ ಪ್ರಾಧ್ಯಾಪಕರು ನಗುತ್ತಾರೆ, ಅಷ್ಟೆ.

ಸ್ವಾತಂತ್ರ್ಯ, ಭಾಷೆ, ಪತ್ರಿಕೆಗಳು

ವಿಶ್ವವಿದ್ಯಾಲಯಗಳನ್ನು ಕಟ್ಟಲು ನೂರು ವರ್ಷ ಬೇಕು, ಕೆಡವಲು ಒಂದೆರಡು ವರ್ಷ ಸಾಕು. 1933ರವರೆಗೆ ಗಣಿತ, ಭೌತಶಾಸ್ತ್ರಗಳಿಗೆ ಜಗತ್ತೇ ತಿರುಗಿ ನೋಡುತ್ತಿದ್ದದ್ದು ಜರ್ಮನಿಯ ಗೋಟಿಂಗನ್ ಕಡೆಗೆ. ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷವೇ ಮ್ಯಾಕ್ಸ್ ಬಾರ್ನ್, ಜೇಮ್ಸ್ ಫ್ರಾಂಕ್ ಮೊದಲಾದ ಯಹೂದಿ ವಿಜ್ಞಾನಿಗಳು ಊರು ಬಿಡಬೇಕಾಯಿತು. ಅವರಂಥವರನ್ನು ಬರಮಾಡಿಕೊಂಡ ಅಮೆರಿಕ, ಬ್ರಿಟನ್‌ಗಳಿಗೆ ಅದರ ಫಲ ಸಿಕ್ಕಿತು. ಅದೇ ಅಮೆರಿಕದಲ್ಲಿ 2025ರಲ್ಲಿ ಸರ್ಕಾರ ಹಾರ್ವರ್ಡ್‌ಗೆ ಬರಬೇಕಿದ್ದ 200 ಕೋಟಿ ಡಾಲರ್‌ಗಿಂತ ಹೆಚ್ಚಿನ ಸಂಶೋಧನಾ ಹಣವನ್ನು ತಡೆಹಿಡಿಯಿತು. ಹಾರ್ವರ್ಡ್ ಕೋರ್ಟಿಗೆ ಹೋಯಿತು. ಐದು ಸಾವಿರ ಕೋಟಿ ಡಾಲರ್ ಮೀರಿದ ದತ್ತಿನಿಧಿ ಇದ್ದವರಿಗೆ ಸರ್ಕಾರದ ಮೇಲೆ ದಾವೆ ಹೂಡುವ ಕಸುವಿರುತ್ತದೆ. ತಿಂಗಳ ಸಂಬಳಕ್ಕೂ ಸಚಿವಾಲಯದ ಬಾಗಿಲಲ್ಲಿ ನಿಲ್ಲುವವರಿಗೆ ಎಲ್ಲಿಂದ ಬರಬೇಕು?

ಭಾಷೆಯ ವಿಷಯ ನಮಗೆ ಮನಸ್ಸಿಗೆ ತಟ್ಟುವಂಥದ್ದು. ಇಂಗ್ಲಿಷ್ ಬಳಕೆಯಿಂದ ಭಾರತಕ್ಕೆ ಅನುಕೂಲವೇ ಆಗಿದೆ. ಆದರೆ ಉಲ್ಲೇಖಗಳನ್ನು ಎಣಿಸುವ ದತ್ತಾಂಶ ಕೋಶಗಳಲ್ಲಿ ಕನ್ನಡದ ಸಂಶೋಧನೆ ಇಲ್ಲವೆನ್ನುವಷ್ಟು ಕಡಿಮೆ. ಕುವೆಂಪು ವಿಶ್ವವಿದ್ಯಾಲಯದ ಸುಪರ್ದಿಯ ಕೆಳದಿ ವಸ್ತುಸಂಗ್ರಹಾಲಯದ ತಾಳೆಗರಿಗಳನ್ನು ವರ್ಷಗಟ್ಟಲೆ ಓದಿ ಯಾರಾದರೂ ಕನ್ನಡದಲ್ಲಿ ಒಳ್ಳೆಯ ಗ್ರಂಥ ಬರೆದರೆ ಅದರಿಂದ ರ‍್ಯಾಂಕಿಂಗ್ ಒಂದು ಕೂದಲೆಳೆಯಷ್ಟೂ ಮೇಲೇರುವುದಿಲ್ಲ. ಹಾಗಂತ ಆ ಕೆಲಸ ಬಿಡಬೇಕೆಂದು ಯಾರಾದರೂ ಹೇಳಿದರೆ ಅವರಿಗೆ ವಿಶ್ವವಿದ್ಯಾಲಯ ಎಂದರೇನೆಂದು ಗೊತ್ತಿಲ್ಲ.

ಒಂದು ಕಡೆ ಮಾತ್ರ ನಿಜವಾಗಿ ಗಾಳಿ ತಿರುಗಿದೆ. ಹೊರದೇಶದ ಸಂಶೋಧನಾ ಪತ್ರಿಕೆಗಳ ಚಂದಾ ರಾಜ್ಯ ವಿಶ್ವವಿದ್ಯಾಲಯಗಳ ಕೈಗೆಟುಕುತ್ತಿರಲಿಲ್ಲ. ಬೇಕಾದ ಲೇಖನಕ್ಕಾಗಿ ಐಐಟಿಯಲ್ಲಿರುವ ಗೆಳೆಯನಿಗೆ ಸಂದೇಶ ಕಳಿಸುವುದೋ, ಕಳ್ಳದಾರಿಯ ಜಾಲತಾಣಕ್ಕೆ ಹೋಗುವುದೋ ಸಂಶೋಧನಾರ್ಥಿಗಳ ದಿನಚರಿಯಾಗಿತ್ತು. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ‘ಒಂದು ದೇಶ ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು, ಆರು ಸಾವಿರಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ ಪ್ರವೇಶ. ಓದುವ ಬಾಗಿಲು ತೆರೆಯಿತು. ಆದರೆ ಯಾರು ಬೇಕಾದರೂ ಉಚಿತವಾಗಿ ಓದಬಹುದಾದ ಒಳ್ಳೆಯ ಮುಕ್ತ ಪತ್ರಿಕೆಗಳಲ್ಲಿ ನಮ್ಮ ಲೇಖನ ಪ್ರಕಟಿಸಲು ಕೇಳುವ ಶುಲ್ಕ ಲಕ್ಷಗಳಲ್ಲಿದೆ, ಅದರ ಭಾರ ಪೂರ್ತಿ ಇಳಿದಿಲ್ಲ.

ಇನ್ನು ಮನೆಯಲ್ಲಿ ಪಟ್ಟಿ ಹಿಡಿದು ಕೂತವರಿಗೆ. ಒಟ್ಟು ರ‍್ಯಾಂಕ್ ಬದಿಗಿಟ್ಟು ವಿಷಯವಾರು ಪಟ್ಟಿ ನೋಡಿ. ಒಟ್ಟಾರೆ 400ರಲ್ಲಿರುವ ವಿಶ್ವವಿದ್ಯಾಲಯ ಅರಣ್ಯಶಾಸ್ತ್ರದಲ್ಲೋ ಆಹಾರ ವಿಜ್ಞಾನದಲ್ಲೋ ಮೊದಲ ಐವತ್ತರಲ್ಲಿರಬಹುದು. ವಿಭಾಗದ ಜಾಲತಾಣಕ್ಕೆ ಹೋಗಿ ಕಾಯಂ ಅಧ್ಯಾಪಕರೆಷ್ಟು, ಅವರ ಇತ್ತೀಚಿನ ಕೆಲಸವೇನು, ಹಣ ಕೊಡುತ್ತಿರುವವರು ಯಾರು ಎಂದು ನೋಡಿ. ಅಲ್ಲಿ ಈಗ ಪಿಎಚ್‌ಡಿ ಮಾಡುತ್ತಿರುವ ಒಬ್ಬರಿಗೆ ಮೇಲ್ ಬರೆದು ಕೇಳಿ. ಕನ್ನಡದವರೇ ಯಾರಾದರೂ ಸಿಕ್ಕರೂ ಸಿಗಬಹುದು. ಶಿವಮೊಗ್ಗದಲ್ಲೋ ಮೈಸೂರಿನಲ್ಲೋ ಸೇರುವುದಾದರೂ ಇದೇ ಪ್ರಶ್ನೆಗಳನ್ನು ಕೇಳಿ, ಜೊತೆಗೆ ಇನ್ನೊಂದನ್ನು ಸೇರಿಸಿ: ಆ ವಿಭಾಗದಲ್ಲಿ ಮಂಜೂರಾದ ಹುದ್ದೆಗಳಲ್ಲಿ ಎಷ್ಟು ಭರ್ತಿಯಾಗಿವೆ? ಇದು ಸರ್ಕಾರಿ ದಾಖಲೆ, ಹತ್ತು ರೂಪಾಯಿಯ ಆರ್‌ಟಿಐ ಅರ್ಜಿಗೆ ಸಿಗುತ್ತದೆ.